ಹನ್ನೊಂದು ನಲವತ್ತಕ್ಕೆ ಬೀಳುವವನು

ಹುಬ್ಬಳ್ಳಿಯ ಆ ದಿನಸಿ ಗೋದಾಮಿನಲ್ಲಿ ಡೆಲಿವರಿ ಹುಡುಗರಿಗೆ ಬೆಳಿಗ್ಗೆ ಹೆಲ್ಮೆಟ್ಟಿನ ಜೊತೆ ಒಂದು ಚೀಟಿಯನ್ನೂ ಕೊಡುತ್ತಿದ್ದರು. ಅಂದು ಅವರು ಎಲ್ಲಿ, ಎಷ್ಟು ಗಂಟೆಗೆ ಗಾಡಿಯಿಂದ ಬೀಳುತ್ತಾರೆಂದು ಅದರಲ್ಲಿರುತ್ತಿತ್ತು. ಚೀಟಿ ಎಂದೂ ಸುಳ್ಳಾಗಿರಲಿಲ್ಲ. ಓದಿ ಸಹಿ ಹಾಕಿದರೆ ಸುರಕ್ಷತೆಯ ಕೆಲಸ ಮುಗಿಯಿತು.

ಫಕ್ಕೀರಪ್ಪನ ಚೀಟಿಯಲ್ಲಿ ‘ಉಣಕಲ್ ತಿರುವು, 11:40, ಎಡಗಾಲು’ ಎಂದಿತ್ತು. ಆದರೆ ಅದನ್ನು ಓದುವ ಮೊದಲೇ, ಎಂದಿನ ರೂಢಿಯಂತೆ, ಆ ಕಡೆಯ ಆರ್ಡರನ್ನು ಅವನು ಗೆಳೆಯ ಮೈಲಾರಿಗೆ ಬದಲಿ ಕೊಟ್ಟಿದ್ದ. ಮೈಲಾರಿಯ ಮನೆ ಅಲ್ಲೇ ಇತ್ತು.

“ಸರ್, ಬೀಳಾಂವ ನಾನೋ, ಆರ್ಡರ್ ಒಯ್ಯಾಂವನೋ?” ಸೂಪರ್‌ವೈಸರನನ್ನು ಕೇಳಿದ.

“ನನಗ ಹೆಂಗ ಗೊತ್ತಪಾ? ಸಹಿ ಆಗೇತಿಲ್ಲ?”

ಯಾರ ಮೇಲೆ ಸಿಟ್ಟಾಗಬೇಕೆಂದೇ ಫಕ್ಕೀರಪ್ಪನಿಗೆ ತಿಳಿಯಲಿಲ್ಲ. ಮೈಲಾರಿಯನ್ನು ಒಬ್ಬನನ್ನೇ ಕಳಿಸಲು ಮನಸ್ಸಾಗದೆ ತಾನೂ ಹೊರಟ. ತಿರುವಿಗೆ ಮೊದಲೇ ಇಬ್ಬರೂ ಗಾಡಿ ನಿಲ್ಲಿಸಿ, ಒಬ್ಬರ ತೋಳನ್ನೊಬ್ಬರು ಹಿಡಿದು, ಆರ್ಡರಿನ ಮೊಟ್ಟೆಯ ಚೀಲ ಹೊತ್ತು ನಡೆದರು. ಹನ್ನೊಂದು ನಲವತ್ತಾಯಿತು, ನಲವತ್ತೊಂದೂ ಆಯಿತು. ಯಾರೂ ಬೀಳಲಿಲ್ಲ.

ಫಕ್ಕೀರಪ್ಪನ ಫೋನು ರಿಂಗಾಯಿತು. ಸೂಪರ್‌ವೈಸರ್.

“ಯಾರು ಬಿದ್ರಿ?”

“ಯಾರೂ ಇಲ್ರಿ.”

“ಹಂಗಂದ್ರ ಹೆಂಗ? ನಾ ಆಗಲೇ ಮ್ಯಾಲೆ ರಿಪೋರ್ಟ್ ಕಳಿಸೇನಿ. ಲಗೂನ ಯಾರರ ಒಬ್ಬರು ಬೀಳ್ರಪಾ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೈಲಾರಿ ಮೊಟ್ಟೆಯ ಚೀಲವನ್ನು ಫಕ್ಕೀರಪ್ಪನ ಕೈಗೆ ಕೊಟ್ಟು, ಡಾಂಬರಿನ ಮೇಲೆ ಮೆಲ್ಲಗೆ ಕುಳಿತು ಎಡಗಾಲು ಚಾಚಿದ.

“ಇಷ್ಟಾದ್ರ ನಡಿತೈತೇನು, ಸರ್‌ಗೆ ಕೇಳೋ.”