ಮೊಲಕ್ಕೊಂದು ಟಗರು

"ನಿನ್ನ ನಾಯಿ ನಾಳಿ ಒಂದಿನ ಕಟ್ಟಿ ಹಾಕು ಹಸನಸಾಬ," ಎಂದ ತಾಯಪ್ಪ, ಬೀದಿಯಲ್ಲೇ ನಿಂತು. ಮುಂದೆ ಕಾಲಿಡಲು ಜಾಗವಿರಲಿಲ್ಲ. ಮನೆಯ ಕಟ್ಟೆ ತುಂಬ ನಾಲ್ಕು ವಿಲಾಯತಿ ನಾಯಿಗಳು ಉದ್ದಕ್ಕೆ ಮಲಗಿದ್ದವು.

"ನನ್ನವಲ್ಲ. ಜಾಗೀರದಾರ ಸಾಹೇಬರವು. ನಾ ಬರೇ ನೋಡಿಕೊಳ್ಳಾವ."

"ಸಾಹೇಬರು ಹೈದ್ರಾಬಾದಿಗಿ ಓಡಿಹೋಗಿ ವರ್ಷಾತಲ್ಲೋ!"

"ಹಂಗಾರ ಸರ್ಕಾರದವು. ಜಾಗೀರ ಸರ್ಕಾರಕ್ಕ ಕೂಡ್ಯದ, ನಾಯಿನೂ ಕೂಡ್ಯಾವ. ಕಟ್ಟಾಕ ನನಗ ಹುಕುಂ ಇಲ್ಲ."

ತಾಯಪ್ಪ ತಲೆ ಮೇಲೆ ಕೈ ಹೊತ್ತ. ಡೋಣಿ ಹೊಳೆಯ ದಂಡೆಯ ಆ ಊರಿನಲ್ಲಿ ಉತ್ತರಿ ಮಳೆ ಬಿದ್ದ ಮೇಲೆ ತಾಯಪ್ಪನ ಮನೆಯವರು ಒಂದು ಮೊಲ ಬಿಡಬೇಕು. ಅದರ ಕಿವಿಗೆ ತಾಮ್ರದ ಉಂಗುರ, ಹಣೆಗೆ ಭಂಡಾರದ ಅರಿಶಿನ. ಅದು ಓಡಿದ ದಿಕ್ಕಿನ ಹೊಲದಲ್ಲಿ ಮೊದಲ ಸಾಲು ಬಿತ್ತಿದ ಮೇಲೆಯೇ ಉಳಿದವರ ಕೂರಿಗೆ ನೆಲ ಮುಟ್ಟುವುದು. ಬಿಟ್ಟ ಮೊಲವನ್ನು ನಾಯಿ ಹಿಡಿಯಿತೋ, ಆ ವರ್ಷ ಬಿತ್ತಿಗೆಯೇ ಇಲ್ಲ. ಅಜ್ಜ ಮುತ್ತಜ್ಜರ ಕಾಲದಲ್ಲಿ ಈ ಭಯವಿರಲಿಲ್ಲ. ಊರ ನಾಯಿಗಳಿಗೆ ಮೊಲದ ಹಿಂದೆ ಓಡುವಷ್ಟು ಪುರುಸೊತ್ತು ಎಲ್ಲಿತ್ತು! ನರಿ, ಕಾಡುಬೆಕ್ಕು, ಹದ್ದು ತಮಗೆ ಬೇಕಾದಷ್ಟು ತಿಂದುಕೊಂಡಿದ್ದವು; ಮೊಲಗಳೂ ಬೇಕಾದಷ್ಟು ಈದುಕೊಂಡಿದ್ದವು. ಸಾಹೇಬರು ಹೋದ ಮೇಲೆ ಈ ನಾಲ್ಕು ನಾಯಿಗಳು ಒಂದೇ ವರ್ಷಕ್ಕೆ ಹೊಳೆದಂಡೆಯ ಮುಳ್ಳುಕಂಟಿಗಳಲ್ಲಿನ ಮೊಲಗಳನ್ನೆಲ್ಲ ಗುಡಿಸಿ ಹಾಕಿದ್ದವು. ಊರೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ಒಂದೇ ಒಂದು ಎಳೆ ಮೊಲ. ಈಗ ಅದು ತಾಯಪ್ಪನ ಮನೆಯ ಗಡಿಗೆಯೊಳಗೆ ಕುಳಿತಿತ್ತು. ಇತ್ತ ಹೊಲದ ಹಸಿ ಆರುತ್ತಿತ್ತು. ಬಿತ್ತದೆ ಹೋದರೆ ಮುಂದಿನ ವರ್ಷ ಅವನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವಿರುವುದಿಲ್ಲ, ಊರವರ ಬೈಗುಳವಷ್ಟೇ ಕೇಳುತ್ತದೆ. ಸುರಪುರದ ಕಚೇರಿಗೂ ಹೋಗಿ ಬಂದಿದ್ದ. ಅಲ್ಲಿನ ಹೊಸ ಸಾಹೇಬರು, ಮೊಲವೂ ಜಾಗೀರಿನದೋ ಹೇಗೆ ಎಂದು ಕೇಳಿದ್ದರಿಂದ ಮೆಲ್ಲಗೆ ಎದ್ದು ಬಂದಿದ್ದ.

ಹಸನಸಾಬನಿಗೆ ಕನಿಕರ ಬಂತು. "ಒಂದು ಹಾದಿ ಅದ ನೋಡು. ಶಿಕಾರಿಗಿ ಹೋಗೂ ಮುಂದ ಇವನ್ನ ಉಪಾಸ ಕೆಡವ್ತಿದ್ದೆ. ಸಾಹೇಬರು ಹೋದಾಗಿಂದ ದಿನಾ ಉಪಾಸ, ದಿನಾ ಶಿಕಾರಿ. ಹೊಟ್ಟಿ ತುಂಬ ಮಟನ್ ಬಿದ್ರ ಸಂಜೀತನಾ ಏಳಂಗಿಲ್ಲ."

"ಮಟನ್ ಎಲ್ಲಿಂದ ತರ್ಲೋ?"

ಹಸನಸಾಬ ತಾಯಪ್ಪನ ಕುರಿಹಟ್ಟಿಯ ಕಡೆ ಒಮ್ಮೆ ನೋಡಿದನಷ್ಟೆ.

ಮರುದಿನ ಬೆಳಗ್ಗೆ ತಾಯಪ್ಪ ತನ್ನ ದೊಡ್ಡ ಟಗರನ್ನು ಕಡಿಸಿದ. ಹೆಂಡತಿ ಮೋನಮ್ಮ, "ದೇವ್ರಿಗಿ ಕೊಟ್ಟವ್ರನ್ನ ಕಂಡೀನಿ, ಬೀಗರಿಗಿ ಕೊಟ್ಟವ್ರನ್ನ ಕಂಡೀನಿ. ನಾಯಿಗಿ ಟಗರು ಕೊಟ್ಟಾಂವ ನೀ ಒಬ್ಬನೇ ನೋಡು," ಎಂದು ಅಂಗಳದಲ್ಲಿ ಕುಳಿತು ಅತ್ತಳು. ಅಳುವಂಥ ಟಗರೇ ಅದು. ನಾಯಿಗಳು ಮಾತ್ರ ಯಾರ ಕಡೆಗೂ ನೋಡದೆ ತಿಂದವು, ತಿಂದು ದಂಡೆಯ ಜಾಲಿಮರದ ನೆರಳಲ್ಲಿ ಕಾಲು ಮೇಲೆ ಮಾಡಿ ಮಲಗಿದವು. ಹಳೆಯ ರೂಢಿಯಂತೆ ಹಸನಸಾಬ ಪಕ್ಕದಲ್ಲಿ ಕುಳಿತು ಅವುಗಳ ನೊಣ ಹೊಡೆಯತೊಡಗಿದ.

ಊರಿಗೆಲ್ಲ ಹಿರಿಯಳಾದ ಮಲಕಮ್ಮ ಮೊಲಕ್ಕೆ ಭಂಡಾರ ಹಚ್ಚಿದಳು. ತಾಯಪ್ಪ ಕೈ ಸಡಿಲಿಸಿದ. ಮೊಲ ನಾಯಿಗಳ ಕಡೆ ಒಮ್ಮೆ ನೋಡಿ, ನಂಬಿಕೆ ಬಾರದೆ ಇನ್ನೊಮ್ಮೆ ನೋಡಿ, ಕಿವಿ ಹಿಂದೆ ಹಾಕಿ ಓಡಿತು. ಇನ್ನೂ ಬದು ದಾಟಿರಲಿಲ್ಲ, ಮೇಲಿನಿಂದ ಹದ್ದು ಇಳಿಯಿತು. ಉಂಗುರ, ಭಂಡಾರ ಸಮೇತ ಮೊಲ ಆಕಾಶಕ್ಕೆ ಹೋಯಿತು.

ತಾಯಪ್ಪ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತ. ಆಗ ಮಲಕಮ್ಮ ಎರಡೂ ಕೈ ಎತ್ತಿ ಮುಗಿದಳು.

"ನಮ್ಮ ಹದ್ದು!"

"ಮೊಲ ಹೋತಲ್ಲ ಆಯಿ?" ಎಂದ ತಾಯಪ್ಪ.

"ಯಾರ ಬಾಯಾಗ ಹೋತು ಅದನ್ನ ನೋಡೋ ಹುಚ್ಚಪ್ಪ. ವಿಲಾಯತಿ ನಾಯಿ ತಿನ್ನೂದು ಬ್ಯಾರೆ, ಮನಿ ಹದ್ದು ತಿನ್ನೂದು ಬ್ಯಾರೆ. ನಮ್ಮ ಮುತ್ಯಾನ ಕಾಲದಿಂದ ತಿಂತಾ ಬಂದದ, ತಿನ್ಲಿ ಬಿಡು."

ಜನರಿಗೆ ಜೀವ ಬಂತು. ಮೊಲಕ್ಕೆ ಏನನ್ನಿಸಿತೋ ಯಾರೂ ಕೇಳಲಿಲ್ಲ. ಆದರೆ ಹದ್ದು ಹೊಳೆ ದಾಟಿ ಆಚೆ ದಂಡೆಯ ಮರದ ಮೇಲೆ ಕುಳಿತಾಗ ಎಲ್ಲರ ಮುಖ ಮತ್ತೆ ಬಾಡಿತು. ಆಚೆ ದಂಡೆ ಮುಂಬೈ ಇಲಾಖೆ. ಮೊದಲ ಸಾಲು ಬೇರೆ ರಾಜ್ಯದಲ್ಲಿ ಬಿತ್ತುವುದು ಹೇಗೆ? ಮಲಕಮ್ಮ ಹಣೆಗೆ ಕೈ ಹಚ್ಚಿ ಆ ಕಡೆ ನೋಡಿದಳು. ಯಾವನೋ ಒಬ್ಬ ಅಲ್ಲಿ ಬೆಳಗಿನಿಂದ ತನ್ನ ಪಾಡಿಗೆ ತಾನು ಕೂರಿಗೆ ಹೊಡೆಯುತ್ತಿದ್ದ.

"ಆತ ಬಿತ್ಯಾನ ನೋಡ್ರಿ. ಸಾಲು ಬಿತ್ತು. ಹೂಡ್ರಿ ಇನ್ನ!"

ಹೊತ್ತು ಇಳಿಯುವುದರೊಳಗೆ ತಾಯಪ್ಪ ಹೊಲದ ಅರ್ಧ ಬಿತ್ತಿ ಮುಗಿಸಿದ. ಹಸಿಮಣ್ಣಿನ ವಾಸನೆಗೆ ಟಗರಿನ ದುಃಖವೂ ಮರೆತು ಹೋಗಿತ್ತು. ಹಾಡೊಂದನ್ನು ಗುನುಗುತ್ತ ಎತ್ತು ಹೊಡೆದುಕೊಂಡು ಮನೆಗೆ ಹೊರಟ. ದಂಡೆಯ ಕಂಟಿಯ ಬುಡದಲ್ಲಿ, ಇಷ್ಟು ದಿನ ಎಲ್ಲಿ ಅಡಗಿತ್ತೋ, ಇನ್ನೊಂದು ಮೊಲ ಕಿವಿ ನಿಗುರಿಸಿ ಕುಳಿತಿತ್ತು. ತಾಯಪ್ಪ ಹೌಹಾರಿ ಹಿಂದೆ ನೋಡಿದ. ನಾಲ್ಕೂ ನಾಯಿಗಳು ಎದ್ದು ಬರುತ್ತಿದ್ದವು. ಮೊಲದ ಪಕ್ಕದಲ್ಲೇ ಹಾದು, ತಿರುಗಿಯೂ ನೋಡದೆ, ಬಾಲ ಅಲ್ಲಾಡಿಸುತ್ತ ಅವನ ಹಿಂದೆ ಬಂದು ನಿಂತವು.

"ಮೊಲದ ಚಿಂತಿ ಬಿಡು ತಾಯಪ್ಪ. ಸಾಹೇಬರ ಕಾಲದ ಮಟನ್ ರುಚಿ ಮತ್ತ ಹತ್ಯದ, ಇನ್ನ ಅದನ್ನ ಮೂಸೂದು ಸೈತ ಇಲ್ಲ," ಎಂದ ಹಿಂದೆಯೇ ಬಂದ ಹಸನಸಾಬ. ಆಮೇಲೆ ಹಟ್ಟಿಯ ಕಡೆ ನೋಡುತ್ತ ಕೇಳಿದ, "ನಿಂದು ಒಟ್ಟು ಕುರಿ ಎಷ್ಟದಾವ?"