ಕಾಲು ತೊಳೆಯುವ ರಿಹರ್ಸಲ್

ಕಾಲು ತೊಳೆಯುವುದಕ್ಕೂ ಯಾರಾದರೂ ರಿಹರ್ಸಲ್ ಮಾಡುತ್ತಾರೆಯೇ? ಸಿಪ್ರಿಯನ್ ಮೋನಿಸನಿಗೆ ಅನುಮಾನ ಬಂದದ್ದೇ ಅಲ್ಲಿ.

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಪಾದ್ರಿಗಳು ಊರಿನ ಹನ್ನೆರಡು ಮಂದಿಯ ಕಾಲು ತೊಳೆಯುವುದು ವರ್ಷಾ ವರ್ಷ ನಡೆದುಬಂದದ್ದು. ಬಲಗಾಲು, ಒಂದು ಚೊಂಬು ನೀರು, ಟವೆಲ್ಲು, ಮುಗಿಯಿತು. ಕರೆ ಬಂದವರೆಲ್ಲ ಮನೆಯಲ್ಲೇ ಸಾಬೂನು ಹಾಕಿ ತಿಕ್ಕಿ, ಉಗುರು ಕತ್ತರಿಸಿ, ಪೌಡರ್ ಬಳಿದುಕೊಂಡೇ ಬರುತ್ತಾರೆ. ಪಾದ್ರಿಗಳಿಗೆ ತೊಳೆಯಲು ಕೊಳೆಯೇ ಉಳಿದಿರುವುದಿಲ್ಲ. ಇಷ್ಟಕ್ಕೆ ಮಂಗಳವಾರ ನಾಲ್ಕು ಗಂಟೆಗೆ ರಿಹರ್ಸಲ್ಲಂತೆ.

ಸಿಪ್ರಿಯನ್ ಲೆಕ್ಕ ಹಾಕಿದ. ಇಗರ್ಜಿಯ ಪಕ್ಕದಲ್ಲಿ ಅವನದು ಮೂವತ್ತು ಸೆಂಟ್ಸ್ ಜಾಗ. ಹಿಂದಿನ ಪಾದ್ರಿಗಳು ಮಕ್ಕಳ ಆಟದ ಬಯಲಿಗೆಂದು ಮೂರು ಸಲ ಕೇಳಿದ್ದರು. ಮೂರು ಸಲವೂ ಚಾ ಕುಡಿಸಿ ಕಳಿಸಿದ್ದ. ಈಗ ಬಂದ ಫಾದರ್ ಹಿಲರಿ ತಾವ್ರೊ ಎಳೆ ಪ್ರಾಯದವರು, ಸ್ಕೂಟರಿನಲ್ಲಿ ತಿರುಗುವವರು, ಜಾಣರು. ಕಾಲು ಹಿಡಿದು ಜಾಗ ಹೊಡೆಯುವ ಉಪಾಯ ಅವರಿಗಲ್ಲದೆ ಯಾರಿಗೆ ಹೊಳೆದೀತು?

ಪುಂಜಾಲಕಟ್ಟೆಯ ಸುತ್ತ ಸಿಪ್ರಿಯನ್‌ಗೆ ಕೆಂಪುಕಲ್ಲು ಕಡಿದು ತೆಗೆಯುವ ಮೂರು ಕೋರೆ, ಎಂಟು ಲಾರಿ. ಎಲ್ಲವೂ ಸ್ವಂತ ರಟ್ಟೆಯ ಸಂಪಾದನೆ. ದೇವರನ್ನೂ ಸೇರಿಸಿ ಯಾರಲ್ಲೂ ಒಂದು ಉಪಕಾರ ಕೇಳಿದವನಲ್ಲ. ಲಾರಿ ಕೆಟ್ಟರೆ ತಾನೇ ಅಡಿಗೆ ನುಗ್ಗುವನು. ಶುಗರ್ ಇದೆಯೆಂದು ಗೊತ್ತಾದ ದಿನ ಡಾಕ್ಟರರ ಚೀಟಿಯನ್ನು ಕಿಸೆಗೆ ಹಾಕಿ, ಕಹಿ ಸೊಪ್ಪು ಅರೆದು ಕುಡಿಯತೊಡಗಿದ್ದ.

ಆರು ವಾರದ ಹಿಂದೆ ಕೋರೆಯಲ್ಲಿ ಕಲ್ಲಿನ ಚೂರೊಂದು ಬೂಟಿನೊಳಗೆ ಹೊಕ್ಕು ಎಡಪಾದದ ಅಡಿಯಲ್ಲಿ ಗಾಯವಾಗಿತ್ತು. ಅದಕ್ಕೂ ತನ್ನದೇ ಅರಸಿನ, ತನ್ನದೇ ಪಟ್ಟಿ. ಯಾರಿಗೂ ಕಾಣಬಾರದೆಂದು ಮನೆಯೊಳಗೂ ಬೂಟು. ಸಾಕ್ಸನ್ನೂ ಬಚ್ಚಲಿನಲ್ಲಿ ತಾನೇ ಒಗೆದು ಒಣಗಲು ಹಾಕುತ್ತಿದ್ದ. ಹೆಂಡತಿ ಕಾರ್ಮಿನ್ ನೋಡಿದಳು, ಏನೂ ಕೇಳಲಿಲ್ಲ. ಗಾಯವಾದರೂ ಎಂಥದು, ನೋವೇ ಇರಲಿಲ್ಲ. ನೋಯದ್ದು ಗಾಯವೇ ಅಲ್ಲ ಎಂಬುದು ಅವನ ಸಿದ್ಧಾಂತ. ಆದರೆ ಕಳೆದ ವಾರದಿಂದ ಬೂಟು ಬಿಚ್ಚಿದರೆ ಕೆಟ್ಟ ವಾಸನೆ. ಆಗ ಅವನಿಗೂ ಹೆದರಿಕೆಯಾಗುತ್ತಿತ್ತು. ಕೋರೆ ಸುತ್ತುವ ಕಾಲು ಹೋದರೆ ಸಿಪ್ರಿಯನ್ನೇ ಹೋದಂತೆ. ಹೆದರಿಕೆಯನ್ನೂ ಸಾಕ್ಸಿನೊಳಗೇ ಕಟ್ಟಿಟ್ಟ.

ಭಾನುವಾರ ಫಾದರ್ ಮನೆಗೇ ಬಂದಿದ್ದರು. ಶರ್ಟಿನ ಕಿಸೆಯಲ್ಲಿ ಮಡಚಿದ ಕಾಗದ. ಜಾಗದ ಕರಾರು ಪತ್ರವೇ ಇರಬೇಕೆಂದು ಸಿಪ್ರಿಯನ್ ಅದರ ಮೇಲೇ ಕಣ್ಣಿಟ್ಟ.

"ಕಷ್ಟದಲ್ಲಿರುವವರಿಗೆ ದೇವರ ಬಗ್ಗೆ ಹೇಳ್ಲಿಕ್ಕೆ ಸುಲಭ ಉಂಟು ಮೋನಿಸ್ರೇ," ಎಂದರು ಫಾದರ್. "ನೋವೇ ಗೊತ್ತಾಗದವರಿಗೆ ಏನು ಹೇಳುವುದು? ಅಲ್ಲಿ ನನ್ನ ವಿದ್ಯೆ ನಡೆಯುವುದಿಲ್ಲ."

"ಹಾಗಾದ್ರೆ ಹೇಳ್ಬೇಡಿ ಫಾದರ್. ಚಾ ಕುಡೀರಿ."

"ಹನ್ನೊಂದು ಮಂದಿ ಸಿಕ್ಕಿದ್ದಾರೆ, ಒಬ್ಬರು ಬೇಕು. ನಿಮ್ಮಿಂದ ಆಗ್ಲಿಕ್ಕಿಲ್ಲ, ಬಿಡಿ. ಸುಮ್ಮನೆ ಕೂತು ಇನ್ನೊಬ್ಬರ ಕೈಗೆ ಕಾಲು ಕೊಡುವುದು ಎಲ್ಲರಿಂದ ಆಗುವ ಕೆಲಸ ಅಲ್ಲ."

ಸಿಪ್ರಿಯನ್‌ನಿಂದ ಆಗದು ಎಂಬ ಮಾತನ್ನು ಆ ಮನೆಯಲ್ಲಿ ಈವರೆಗೆ ಯಾರೂ ಆಡಿದ್ದಿಲ್ಲ. "ಬರ್ತೇನೆ," ಎಂದುಬಿಟ್ಟ. ತೊಳೆಯುವುದು ಬಲಗಾಲು ತಾನೇ?

ಮಂಗಳವಾರ ಬಲಗಾಲನ್ನು ಚೆನ್ನಾಗಿ ತಿಕ್ಕಿ ಹೊರಟ. ಕಾರ್ಮಿನ್ ಬಟ್ಟೆ ತುಂಬಿದ ಚೀಲ ಹಿಡಿದು ಕಾರು ಹತ್ತಿದಳು. ಮೂಡುಬಿದಿರೆಯ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವುದಂತೆ.

ಇಗರ್ಜಿಯಲ್ಲಿ ಹನ್ನೊಂದು ಮಂದಿ ಆಗಲೇ ಸಾಲಾಗಿ ಕೂತಿದ್ದರು. ಫಾದರ್ ಪಕ್ಕದಲ್ಲಿ ಚೊಂಬು ಹಿಡಿದು ನಿಂತವನು ಅಪರಿಚಿತ. "ಇವರು ಆದೀಶ್, ಮೂಡುಬಿದಿರೆಯವರು," ಎಂದರು ಫಾದರ್. ಜೈನರ ಹೆಸರು. ಇಗರ್ಜಿಯಲ್ಲಿ ನೀರು ಹೊಯ್ಯಲು ಜೈನರೇ ಬೇಕಾಯಿತೇ? ಆ ಮನುಷ್ಯ ದೇವಪೀಠದತ್ತ ತಿರುಗಿಯೂ ನೋಡದೆ, "ಮೊದ್ಲು ನಾನು ಕಣ್ಣಾರೆ ನೋಡ್ಬೇಕು ಫಾದರ್," ಎಂದು ಮೆಲ್ಲಗೆ ಹೇಳಿದ್ದು ಸಿಪ್ರಿಯನ್‌ಗೆ ಕೇಳಿಸಿತು. ಸರ್ವೆಯವನು! ಜಾಗ ಅಳೆಯಲು ಜನವನ್ನೇ ಕರೆಸಿದ್ದಾರೆ.

ಸಿಪ್ರಿಯನ್ ಕೊನೆಯ ಕುರ್ಚಿಯಲ್ಲಿ ಕೂತದ್ದೇ ತಡ, ಫಾದರ್ ಬಂದು ಮೊದಲು ಅವನ ಮುಂದೆಯೇ ಮಂಡಿಯೂರಿದರು. "ಎಡಗಾಲು ಕೊಡಿ."

"ಬಲಗಾಲು ಅಲ್ವಾ ಕ್ರಮ?"

"ಈ ವರ್ಷ ಎಡ."

ಸಿಪ್ರಿಯನ್ ಸಾಲಿನುದ್ದಕ್ಕೂ ನೋಡಿದ. ಹನ್ನೊಂದು ಎಡಗಾಲುಗಳು ಬೋಳಾಗಿ, ಪೌಡರ್ ಬಳಿದುಕೊಂಡು ತಯಾರಾಗಿದ್ದವು. ಇಷ್ಟು ಜನರೆದುರು ಬೆನ್ನು ತಿರುಗಿಸಿದರೆ ನಾಳೆ ಬೆಳ್ತಂಗಡಿಯ ತನಕ ನಗೆಪಾಟಲು. ಹಲ್ಲು ಕಚ್ಚಿ ಬೂಟು ಬಿಚ್ಚಿದ. ಸಾಕ್ಸ್ ಗಾಯಕ್ಕೆ ಅಂಟಿಕೊಂಡಿತ್ತು. ಆದೀಶ್ ಬೆಚ್ಚಗಿನ ನೀರು ಹೊಯ್ದಂತೆ ಫಾದರ್ ಬೆರಳುಗಳಿಂದ ಮೆಲ್ಲಮೆಲ್ಲಗೆ ಬಿಡಿಸಿದರು. ವಾಸನೆ ಎದ್ದಿತು. ಸಾಲಿನಲ್ಲಿ ಒಬ್ಬರೂ ಮೂಗು ಮುಚ್ಚಲಿಲ್ಲ. ಸಿಪ್ರಿಯನ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸರ್ವೆಯವನು ಚೊಂಬು ಕೆಳಗಿಟ್ಟು, ಮೊಬೈಲಿನ ಟಾರ್ಚು ಹಾಕಿ ಪಾದದ ಅಡಿಗೆ ಬಗ್ಗಿದ.

"ಹೆದರ್ಬೇಡಿ ಮೋನಿಸ್ರೇ. ನಾನು ಸರ್ಜನ್. ಇನ್ನು ನಾಲ್ಕು ದಿನ ಬಿಟ್ಟಿದ್ರೆ ಕಾಲನ್ನೇ ತೆಗೀಬೇಕಿತ್ತು. ಈಗ್ಲೇ ಹೊರಟರೆ ಉಳಿಸ್ಲಿಕ್ಕೆ ಆಗ್ತದೆ. ಆಸ್ಪತ್ರೆಯಲ್ಲಿ ಎಲ್ಲ ತಯಾರುಂಟು."

ಸಿಪ್ರಿಯನ್ ಬಾಗಿಲ ಕಡೆ ನೋಡಿದ. ಕಾರ್ಮಿನ್ ಚೀಲ ಹಿಡಿದು ನಿಂತಿದ್ದಳು.

"ಹಾಗಾದ್ರೆ ಜಾಗ?" ಎಂದ.

"ಯಾವ ಜಾಗ ಮಾರಾಯ್ರೆ?" ಎಂದರು ಫಾದರ್. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಹನ್ನೊಂದು ಮಂದಿಯೂ ಚಪ್ಪಲಿ ಮೆಟ್ಟಿ ಎದ್ದಿದ್ದರು. ಒಬ್ಬರ ಕಾಲಿಗೂ ಒಂದು ಹನಿ ನೀರು ಬಿದ್ದಿರಲಿಲ್ಲ. ಇಬ್ಬರು ಬಂದು ರಟ್ಟೆಗೆ ಕೈ ಕೊಟ್ಟು ಅವನನ್ನು ಎತ್ತಿದರು. ಬೇಡ ಅನ್ನಲು ಬಾಯಿ ತೆರೆದ, ಅಳು ಬಂತು. ಎತ್ತಲಿ ಎಂದು ಭಾರವನ್ನೆಲ್ಲ ಅವರ ಮೇಲೆ ಬಿಟ್ಟ.

"ಗುರುವಾರದ ಹನ್ನೆರಡು ಮಂದಿ ಯಾರು ಹಾಗಾದ್ರೆ?" ಎಂದು ಸಿಪ್ರಿಯನ್ ಕೇಳಿದ.

"ಇನ್ನೂ ಯಾರನ್ನೂ ಕೇಳ್ಲಿಲ್ಲ," ಎಂದು ಫಾದರ್ ಕಿಸೆಯ ಕಾಗದವನ್ನು ಅವನ ಕೈಗಿಟ್ಟರು.

ಅದರಲ್ಲಿ ಕಾರ್ಮಿನ್‌ಳ ಕೈಬರಹದ ಒಂದೇ ಸಾಲಿತ್ತು: "ಫಾದರ್, ಇವರು ಆರು ವಾರದಿಂದ ಸಾಕ್ಸ್ ತಾವೇ ಒಗೆಯುತ್ತಿದ್ದಾರೆ, ಎಡಗಾಲಿನದ್ದು ಮಾತ್ರ."