ಯಂತ್ರ ಕಲಿತ ಕೈ

ಮೇಸ್ತ್ರಿ ತಗಡು ಒತ್ತುವ ಪ್ರೆಸ್ಸಿನ ಬಾಯೊಳಗೆ ಬಲಗೈ ಇಟ್ಟ. ದೀಪ ಹಸಿರಾಗಿಯೇ ಇತ್ತು. ತೆಗೆದು ಮತ್ತೆ ಇಟ್ಟ. ಆಗಲೂ ಹಸಿರು. ಅವನಿಗಿಂತ ಮೊದಲು ವಿಶ್ವವಿದ್ಯಾಲಯದ ಪ್ರೊಫೆಸರಮ್ಮ ಕೈ ಇಟ್ಟಾಗ, ಆಮೇಲೆ ಕಾರ್ಖಾನೆಯ ಮಾಲೀಕ ಇಟ್ಟಾಗ, ಅದೇ ದೀಪ ಥಟ್ಟನೆ ಕೆಂಪಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಕೆಂಪಾದರೆ ಯಂತ್ರ ಕೈಯನ್ನು ಕಂಡು ನಿಂತಿತು ಎಂದರ್ಥ. ಹಸಿರಿದ್ದರೆ ಮೇಲಿನ ಅಚ್ಚು ಇಳಿಯುತ್ತದೆ. ಪರೀಕ್ಷೆಗೆಂದು ಮೋಟಾರು ಆರಿಸಿದ್ದರಿಂದ ಮೇಸ್ತ್ರಿ ಬಚಾವು.

"ಏನಮ್ಮಾ ಇದು? ನಂದು ಕೈ ಅಲ್ವಾ?" ಎಂದು ಅವನು ಕೈಯನ್ನು ಪ್ರೊಫೆಸರಮ್ಮನ ಮುಖದ ಮುಂದೆ ಹಿಡಿದ. ಒಂದು ಹೆಬ್ಬೆರಳು, ಒಂದು ಕಿರುಬೆರಳು. ನಡುವಿನ ಮೂರು ಇದೇ ಯಂತ್ರದಲ್ಲಿ ಹೋಗಿ ಹದಿನಾಲ್ಕು ವರ್ಷ. ಆಮೇಲೆ ಬಂದದ್ದು ಕಬ್ಬಿಣದ ಜಾಲರಿ. ತಗಡು ಒಳಗಿಟ್ಟು ಜಾಲರಿ ಮುಚ್ಚದಿದ್ದರೆ ಯಂತ್ರ ಮಿಸುಕುವುದಿಲ್ಲ. ಅದನ್ನು ತೆಗೆದು ಮುಚ್ಚುವುದರಲ್ಲೇ ಅರ್ಧ ದಿನ ಹಾಳು ಎಂದು ಮಾಲೀಕ ಅಂದಿನಿಂದಲೂ ಹಲ್ಲು ಕಡಿಯುತ್ತಿದ್ದ. ಈಗ ವಿಶ್ವವಿದ್ಯಾಲಯವೂ ಕಾರ್ಖಾನೆಯೂ ಕೂಡಿ ಸಂಶೋಧನೆ ಮಾಡಿ ಈ ಕ್ಯಾಮೆರಾ ಕಣ್ಣು ತಂದಿದ್ದವು. ಸಂಜೆ ಒಪ್ಪಂದಕ್ಕೆ ಸಹಿ, ನಾಳೆ ಜಾಲರಿ ಗುಜರಿಗೆ. ಬಾಗಿಲಲ್ಲಿ 'ಜ್ಞಾನ ಮತ್ತು ಉದ್ಯಮದ ಮಿಲನ' ಎಂದು ಹೂವಿನ ಬೋರ್ಡು ಬೇರೆ, ಮದುವೆ ಮನೆಯ ಹಾಗೆ.

ಪ್ರೊಫೆಸರಮ್ಮ ಕಂಪ್ಯೂಟರಿಗೆ ಬಗ್ಗಿ ನೋಡಿದರು. ಮುಖ ಬಿಳಿಚಿಕೊಂಡಿತು. "ಮೇಸ್ತ್ರಿಗಳೇ, ಇದಕ್ಕೆ ಮೂವತ್ತು ಸಾವಿರ ಕೈಗಳ ಫೋಟೋ ತೋರಿಸಿ ಕಲಿಸಿದ್ದೀವಿ..."

"ಯಾರ ಕೈ?"

"ನಮ್ಮ ಕ್ಯಾಂಪಸ್ಸಿನವರದು. ವಿದ್ಯಾರ್ಥಿಗಳು, ಅಧ್ಯಾಪಕರು, ಆಫೀಸಿನವರು."

"ಪೆನ್ನು ಹಿಡಿಯೋ ಕೈಗಳು!" ಮೇಸ್ತ್ರಿಯ ಮೈ ಉರಿಯಿತು. "ಒಂದು ಸಲ ಈ ಶೆಡ್ಡಿಗೆ ಬಂದು ನಮ್ಮವನ್ನೂ ತೋರಿಸೋಕೆ ಏನಾಗಿತ್ತು ನಿಮಗೆ?"

"ಎರಡು ಸಲ ಪತ್ರ ಬರೆದೆ. ಕೆಲಸ ನಿಲ್ಲುತ್ತೆ, ಬರಬೇಡಿ ಅಂದ್ರು." ಅವರು ಮಾಲೀಕನ ಕಡೆ ನೋಡಿದರು. ಮಾಲೀಕ ಗಡಿಯಾರ ನೋಡಿಕೊಂಡ.

"ಅಪ್ಪಾ, ಸಾಕು ಬಾ. ಎಲ್ಲರೂ ನೋಡ್ತಿದ್ದಾರೆ." ಪ್ಯಾಕಿಂಗ್ ಮೇಜಿನಿಂದ ಬಂದ ಮಗಳು ಅವನ ತೋಳು ಜಗ್ಗಿದಳು. ಹತ್ತೊಂಬತ್ತರ ಹುಡುಗಿ, ಕೆಲಸಕ್ಕೆ ಸೇರಿ ಎರಡು ತಿಂಗಳು. ಪ್ಯಾಕಿಂಗ್ ಬಿಟ್ಟು ಅವಳನ್ನು ಪ್ರೆಸ್ಸಿನ ಹತ್ತಿರ ಸುಳಿಯಗೊಡುವುದಿಲ್ಲ ಎಂದು ಮೇಸ್ತ್ರಿ ಮಾತು ಕೊಟ್ಟ ಮೇಲೆಯೇ ಅವನ ಹೆಂಡತಿ ಅವಳನ್ನು ಮನೆಯಿಂದ ಹೊರಗೆ ಕಳಿಸಿದ್ದಳು.

"ನೋಡ್ಲಿ ಬಿಡು. ನೋಡೋಕೆ ತಾನೆ ಕಣ್ಣು ಹಾಕಿರೋದು!" ಎಂದ ಮೇಸ್ತ್ರಿ ಒಂದು ತಗಡನ್ನು ಎಡಗೈಯಲ್ಲಿ ಎತ್ತಿಕೊಂಡ. ಆ ಕೈಯಲ್ಲಿ ಐದೂ ಬೆರಳಿದ್ದವು. ದಿನವೂ ಹಿಡಿಯುವಂತೆ ಬೆರಳು ಮಡಚಿ ತಗಡನ್ನು ಅಚ್ಚಿನೊಳಗೆ ತೂರಿಸಿದ. ಹಸಿರು. ಒಂದು. ಎರಡು. ಆಮೇಲೆ ಕೆಂಪು.

"ಆಯ್ತಲ್ಲಯ್ಯ ಕೆಂಪು!" ಎಂದ ಮಾಲೀಕ.

"ಆಯ್ತು ಸ್ವಾಮಿ, ಎರಡು ಎಣಿಸಿದ ಮೇಲೆ. ಅಚ್ಚು ಇಳಿಯೋಕೆ ಒಂದು ಎಣಿಸಿದ್ರೆ ಸಾಕು."

ಪ್ರೊಫೆಸರಮ್ಮ ಮುಂದೆ ಬಂದರು. "ಸರ್, ಇವರು ಹೇಳ್ತಿರೋದು ಸರಿ. ಮೂರು ತಿಂಗಳು ಕೊಡಿ. ಇಲ್ಲೇ ಕೂತು ಇವರ ಕೈಗಳನ್ನೆಲ್ಲ ತೋರಿಸಿ ಕಲಿಸ್ತೀವಿ. ಅಲ್ಲಿವರೆಗೆ ಜಾಲರಿ ತೆಗೀಬೇಡಿ."

"ಮೂರು ತಿಂಗಳಾ? ಸಂಜೆ ಐದಕ್ಕೆ ಪತ್ರಿಕೆಯವರು ಬರ್ತಾರೆ. ನಿಮ್ಮ ಕುಲಪತಿಗಳು ಆಗಲೇ ಹೊರಟಿದ್ದಾರಂತೆ. ಯಂತ್ರ ಇನ್ನೂ ಕಲೀತಾ ಇದೆ, ವಾಪಸ್ ಹೋಗಿ ಅಂತ ಅವರಿಗೆ ನೀವೇ ಹೇಳ್ತೀರಾ ಮೇಡಂ?"

ಪ್ರೊಫೆಸರಮ್ಮ ಕಂಪ್ಯೂಟರಿನ ವೈರನ್ನು ಮೊಣಕೈಗೆ ಸುತ್ತತೊಡಗಿದರು, ಬಹಳ ಹೊತ್ತು, ಬಹಳ ಜೋಪಾನವಾಗಿ.

"ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ?" ಮಾಲೀಕನ ದನಿ ಹಗುರಾಯಿತು. "ಯಂತ್ರಕ್ಕೆ ಎಂಥ ಕೈ ಬೇಕೋ ಅಂಥದ್ದನ್ನೇ ಕೊಟ್ರಾಯ್ತು. ಮೇಸ್ತ್ರಿ, ನಾಳೆಯಿಂದ ನೀನು ಗೇಟಿನಲ್ಲಿ ಕೂತ್ಕೋ, ಅರ್ಧ ಸಂಬಳ." ಆಮೇಲೆ ಶೆಡ್ಡಿನ ಕಡೆ ತಿರುಗಿ ಕೂಗಿದ: "ಹತ್ತೂ ಬೆರಳು ನೆಟ್ಟಗಿರೋರು ಕೈ ಎತ್ರಿ!"

ಇಪ್ಪತ್ತೆರಡು ಜನ ನಿಂತಲ್ಲೇ ನಿಂತರು. ಕೆಲವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಎಂಟೂವರೆ ನಡೆಯುತ್ತಾ ಸಾರ್?" ಎಂದು ಹಿಂದಿನಿಂದ ಯಾರೋ ಕೇಳಿದ್ದಕ್ಕೆ ನಗು ಎದ್ದಿತು. ಎದ್ದ ನಗು ಅಲ್ಲೇ ಸತ್ತಿತು. ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರೂ ಮೇಸ್ತ್ರಿಯ ಮಗಳ ಕಡೆ ತಿರುಗಿ ನೋಡುತ್ತಿದ್ದರು.

ಅವಳು ಅಪ್ಪನ ಮುಖ ನೋಡದೆ ಒಂದು ಕೈ ಎತ್ತಿದಳು.

"ಎರಡೂ ಎತ್ತಮ್ಮ, ಬೆರಳು ಬಿಡಿಸು" ಎಂದ ಮಾಲೀಕ. ಅವಳು ಎರಡನ್ನೂ ಎತ್ತಿ ಬೆರಳು ಬಿಡಿಸಿದಳು.

"ಇಳಿಸೇ! ಕೈ ಇಳಿಸೇ!" ಮೇಸ್ತ್ರಿ ನುಗ್ಗಿ ಅವಳ ಮಣಿಕಟ್ಟು ಹಿಡಿದು ಕೆಳಗೆಳೆದ. ಎರಡು ಬೆರಳಿನ ಹಿಡಿತ ಜಾರಿತು. ಮಗಳ ಕೈಗಳು ಮೇಲೆಯೇ ಇದ್ದವು.